ರಾಜಭವನ ರಸ್ತೆಯಿಂದ ವಿಧಾನಸೌಧಕ್ಕೆ: ಆಕಾಶವಾಣಿಯ ರಾಜಕೀಯ ವರದಿಗಾರರು

ಪತ್ರಿಕೆಗಳ ರಾಜಕೀಯ ವರದಿಗಾರರನ್ನು ನಾಡು ಹೆಸರು ಹಿಡಿದು ಗುರುತಿಸುತ್ತದೆ. ಅವರ ಅಂಕಣಗಳು ಪುಸ್ತಕಗಳಾಗಿವೆ, ಕೆಲವರಿಗೆ ಅಭಿನಂದನ ಗ್ರಂಥಗಳೂ ಬಂದಿವೆ. ಟಿ.ವಿ. ವರದಿಗಾರರ ಮುಖ ಮನೆಮನೆಗೂ ಗೊತ್ತು. ಆಕಾಶವಾಣಿಗಾಗಿ ವಿಧಾನಸೌಧದ ಮೊಗಸಾಲೆಯಲ್ಲಿ ದಿನಗಟ್ಟಲೆ ಓಡಾಡಿದವರು ಮಾತ್ರ ‘ನಮ್ಮ ಬಾತ್ಮೀದಾರರು ತಿಳಿಸಿರುವಂತೆ’ ಎಂಬ ಮಾತಿನ ಹಿಂದೆಯೇ ಉಳಿದುಹೋದರು. ಸುದ್ದಿ ಓದಿದವರ ದನಿಯನ್ನು ಜನ ನೆನಪಿಟ್ಟುಕೊಂಡರು. ಸುದ್ದಿ ತಂದವರು ಯಾರೆಂದು ಕೇಳಿದವರು ಕಡಿಮೆ. ಈ ಸ್ಮರಣ ಸಂಚಿಕೆಯಲ್ಲಿ ಸಂಗೀತ, ನಾಟಕ, ಕೃಷಿರಂಗಗಳ ಬಗ್ಗೆ ಬಲ್ಲವರು ಬರೆಯುತ್ತಾರೆ. ನಾನು ಬರೆಯಬೇಕೆಂದಿರುವುದು ಸುದ್ದಿ ವಿಭಾಗದ ಬಗ್ಗೆ, ಅದರಲ್ಲೂ ಸರ್ಕಾರದ ಸಂಬಳ ಪಡೆದು ಸರ್ಕಾರದ ಬಗ್ಗೆಯೇ ವರದಿ ಮಾಡಬೇಕಾಗಿದ್ದ ಜನರ ಬಗ್ಗೆ.

ಕನ್ನಡ ನಾಡಿನ ಬಾನುಲಿ ಹುಟ್ಟಿದ್ದು ಸರ್ಕಾರದ ಅಂಗಳದಲ್ಲಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದೂ ಅಲ್ಲಿಂದಲೇ. ಆದರೆ ಅದು ಮುಖ್ಯವಾಗಿ ಕಲೆ ಮತ್ತು ವಿದ್ಯೆಯ ಕೇಂದ್ರ. ರಾಜಕೀಯ ಸುದ್ದಿ ಬಂದದ್ದು ಬೇರೆ ದಾರಿಯಿಂದ. ದೆಹಲಿ ನಿಲಯ 1936ರ ಜನವರಿ 19ರಂದು ಮೊದಲ ವಾರ್ತೆಯನ್ನು ಬಿತ್ತರಿಸಿತು. ಮರುವರ್ಷ ಚಾರ್ಲ್ಸ್ ಬಾರ್ನ್ಸ್ ಅವರ ಕೈಯಲ್ಲಿ ಕೇಂದ್ರೀಯ ಸುದ್ದಿ ವಿಭಾಗ ರೂಪುಗೊಂಡಿತು. ಅದರ ಬೆನ್ನಿಗೇ ಬಂದ ಎರಡನೆಯ ಮಹಾಯುದ್ಧ ಭಾರತೀಯ ಭಾಷೆಗಳ ವಾರ್ತೆಗಳನ್ನು ಬೆಳೆಸಿತು, ಜೊತೆಗೆ ಸುದ್ದಿ ಎಂದರೆ ಸರ್ಕಾರ ಹೇಳಿದ್ದು ಎಂಬ ರೂಢಿಯನ್ನೂ ಬಿತ್ತಿತು. ಸ್ವಾತಂತ್ರ್ಯ ಬಂದ ಮೇಲೂ ಆ ರೂಢಿ ಬಹುಕಾಲ ಬಾಳಿತು. ನಮ್ಮ ವರದಿಗಾರರ ಕಥೆಯ ಅರ್ಧಭಾಗ ಅದರೊಂದಿಗಿನ ಹೆಣಗಾಟವೇ.

ಮೈಸೂರು ನಿಲಯ 1950ರಲ್ಲಿ ಅಖಿಲ ಭಾರತ ಬಾನುಲಿಗೆ ಸೇರಿತು. ಅದೇ ವರ್ಷ ಜನವರಿಯಲ್ಲಿ ಧಾರವಾಡ ನಿಲಯ ಆರಂಭವಾಗಿತ್ತು. ಮೈಸೂರಿನ ನಿಲಯ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂತು. ವಿಧಾನಸೌಧ ಪೂರ್ಣಗೊಂಡದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಹೀಗೆ ಒಂದೇ ವರ್ಷದ ಅಂತರದಲ್ಲಿ ರಾಜಧಾನಿಗೆ ಬಾನುಲಿ ನಿಲಯ ಬಂತು, ಶಾಸನಸಭೆಗೆ ಹೊಸ ಮನೆಯಾಯಿತು, ಕನ್ನಡಿಗರಿಗೆ ಒಂದು ರಾಜ್ಯವಾಯಿತು. ರಾಜಭವನ ರಸ್ತೆಯ ನಿಲಯದಿಂದ ವಿಧಾನಸೌಧಕ್ಕೆ ನಡೆದೇ ಹೋಗಬಹುದು. ಆದರೆ ಅಲ್ಲಿ ಆದ ತೀರ್ಮಾನ ಬೀದರಿಗೋ ಕಾರವಾರಕ್ಕೋ ಮುಟ್ಟಬೇಕಾದರೆ ಆ ದಿನಗಳಲ್ಲಿ ಬಾನುಲಿಯಷ್ಟು ಬೇಗನೆಯ ದಾರಿ ಬೇರೊಂದಿರಲಿಲ್ಲ. ಬೆಂಗಳೂರಿನ ಪತ್ರಿಕೆ ರೈಲು, ಬಸ್ಸು ಹಿಡಿದು ತಲುಪುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ನಿನ್ನೆ ಮೊನ್ನೆಯವರೆಗೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಬೇರೆ ಬೇರೆ ಸರ್ಕಾರಗಳ ಕೆಳಗಿದ್ದ ಜನ ‘ನಮ್ಮ ಮುಖ್ಯಮಂತ್ರಿ’, ‘ನಮ್ಮ ವಿಧಾನಸಭೆ’ ಎಂಬ ಮಾತುಗಳನ್ನು ಒಂದೇ ಗಳಿಗೆಯಲ್ಲಿ ಒಂದೇ ದನಿಯಲ್ಲಿ ಕೇಳಿದ್ದು ಪ್ರದೇಶ ಸಮಾಚಾರವೆಂಬ ಹತ್ತು ನಿಮಿಷದ ವಾರ್ತೆಯಲ್ಲಿ. ರಾಜ್ಯದ ಏಕೀಕರಣ ಕಾಗದದಿಂದ ಮನಸ್ಸಿಗೆ ಇಳಿಯುವಲ್ಲಿ ಈ ಹತ್ತು ನಿಮಿಷಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಪ್ರಾದೇಶಿಕ ಸುದ್ದಿ ವಿಭಾಗಗಳೆಂಬ ಏರ್ಪಾಡು ದೇಶದಲ್ಲಿ ಮೊದಲಾದದ್ದು 1953ರ ಸುಮಾರಿಗೆ, ಲಖನೌ ಮತ್ತು ನಾಗಪುರಗಳಲ್ಲಿ. ಮುಂದೆ ಒಂದೊಂದಾಗಿ ರಾಜ್ಯಗಳ ರಾಜಧಾನಿಗಳಿಗೆ ಹಬ್ಬಿತು. ನಮ್ಮಲ್ಲಿ ಬೆಂಗಳೂರಿನ ಜೊತೆಗೆ ಧಾರವಾಡದಲ್ಲೂ ಸುದ್ದಿ ವಿಭಾಗ ಬೆಳೆಯಿತು. ಹೊರಗಿನವರಿಗೆ ಇದರ ಒಳಮನೆ ಗೊತ್ತಿರುವುದು ಕಡಿಮೆ. ಸುದ್ದಿ ಸಂಪಾದಕರೂ ಬಾತ್ಮೀದಾರರೂ ಬಹುಮಟ್ಟಿಗೆ ಕೇಂದ್ರ ಮಾಹಿತಿ ಸೇವೆಯ, ಈಗಿನ ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು. ಸರ್ಕಾರದ ಪ್ರಕಟಣೆಗಳನ್ನು ಹೊರಡಿಸುವ ವಾರ್ತಾ ಕಚೇರಿಯಲ್ಲಿ ಈ ವರ್ಷ ಕೆಲಸ ಮಾಡಿದವರು ವರ್ಗವಾಗಿ ಮುಂದಿನ ವರ್ಷ ಆಕಾಶವಾಣಿಯ ಸುದ್ದಿಕೋಣೆಯಲ್ಲಿ ಕೂರಬೇಕು. ನಿನ್ನೆ ತಾವೇ ಬರೆದಂಥ ಪ್ರಕಟಣೆಯನ್ನು ಇಂದು ಅನುಮಾನದ ಕಣ್ಣಿನಿಂದ ಓದಬೇಕು. ಇದು ವ್ಯವಸ್ಥೆಯಲ್ಲಿಯೇ ಇದ್ದ ದೋಷ, ವ್ಯಕ್ತಿಗಳದಲ್ಲ. ಆ ದೋಷದ ನಡುವೆಯೂ ಒಳ್ಳೆಯ ವರದಿಗಾರಿಕೆ ಮಾಡಿದವರಿದ್ದಾರೆ ಎಂಬುದೇ ಹೆಚ್ಚುಗಾರಿಕೆ.

ಜಿಲ್ಲೆಗಳಲ್ಲಿ ಇದ್ದವರು ಅರೆಕಾಲಿಕ ಬಾತ್ಮೀದಾರರು. ಇವರನ್ನು ನೆನೆಯದೆ ಆಕಾಶವಾಣಿಯ ರಾಜಕೀಯ ವರದಿಗಾರಿಕೆಯ ಚರಿತ್ರೆ ಬರೆಯಲಾಗದು. ಸಿಗುತ್ತಿದ್ದುದು ತಿಂಗಳಿಗಿಷ್ಟು ಎಂದು ಒಂದು ಸಣ್ಣ ಗೌರವಧನ. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಇದ್ದೇ ಇರುತ್ತಿತ್ತು. ಮಂತ್ರಿ ಜಿಲ್ಲಾ ಕೇಂದ್ರಕ್ಕೆ ಬಂದು ಪ್ರಗತಿ ಪರಿಶೀಲನೆ ನಡೆಸಿದರೆ, ಜಿಲ್ಲಾ ಪರಿಷತ್ತಿನಲ್ಲಿ ಅಧ್ಯಕ್ಷರ ವಿರುದ್ಧ ಅವಿಶ್ವಾಸ ಗೊತ್ತುವಳಿ ಬಂದರೆ, ಬರಗಾಲದ ಕಾಮಗಾರಿಯ ಕೂಲಿ ಬಟವಾಡೆಯಾಗದೆ ಜನ ತಹಸೀಲ್ದಾರರ ಕಚೇರಿ ಮುತ್ತಿದರೆ, ಮೂರು ನಾಲ್ಕು ವಾಕ್ಯಗಳಲ್ಲಿ ಬೆಂಗಳೂರಿಗೆ ಮುಟ್ಟಿಸುವ ಹೊಣೆ ಇವರದು. ತಂತಿ, ಆಮೇಲೆ ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ, ಫ್ಯಾಕ್ಸ್ ಎಂದು ಸಾಧನಗಳು ಬದಲಾದವು, ಕೆಲಸ ಬದಲಾಗಲಿಲ್ಲ. ಟ್ರಂಕ್ ಕಾಲ್ ಸಿಕ್ಕಾಗ ಕೂಗಿ ಕೂಗಿ ಹೇಳಬೇಕು. ಊರ ಹೆಸರು, ಮಂತ್ರಿಯ ಹೆಸರು, ಅಂಕಿಸಂಖ್ಯೆ ಎರಡೆರಡು ಸಲ. ಆ ಕಡೆ ಬರೆದುಕೊಳ್ಳುವವರು ತಿರುಗಿ ಓದಿ ಹೇಳಬೇಕು. ಇಷ್ಟೆಲ್ಲ ಮಾಡಿ ಕಳಿಸಿದ ಸುದ್ದಿ ಸಮಯ ಸಾಲದೆ ಬಿದ್ದುಹೋಗುವುದೂ ಉಂಟು. ಮರುದಿನ ಜಿಲ್ಲೆಯ ರಾಜಕಾರಣಿಗಳ ಮುಂದೆ ನಿಲ್ಲಬೇಕಾದವರೂ ಇವರೇ.

ಹತ್ತು ನಿಮಿಷದ ವಾರ್ತೆಯಲ್ಲಿ ಹಿಡಿಯುವುದು ಹೆಚ್ಚೆಂದರೆ ಸಾವಿರದಷ್ಟು ಪದ. ದಿನಪತ್ರಿಕೆಯ ಮುಖಪುಟದ ಒಂದು ಮೂಲೆಗೆ ಸಾಕಾಗುವಷ್ಟು ಜಾಗದಲ್ಲಿ ಇಡೀ ರಾಜ್ಯ ಬರಬೇಕು. ಸದನ ಬೆಳಗಿನಿಂದ ಸಂಜೆಯವರೆಗೆ ನಡೆದರೂ ಅದಕ್ಕೆ ಸಿಗುವುದು ಎರಡೋ ಮೂರೋ ನಿಮಿಷ. ಅಧಿವೇಶನದ ದಿನಗಳಲ್ಲಿ ಕಲಾಪದ ಸಮೀಕ್ಷೆಗೆಂದು ಪ್ರತ್ಯೇಕ ಅವಧಿ ಇರುತ್ತಿತ್ತು, ಸಂಸತ್ತಿಗೆ ದೆಹಲಿಯಲ್ಲಿ ಇದ್ದಂತೆಯೇ. ಆದರೂ ಹೊತ್ತು ಹೊತ್ತಿನ ವಾರ್ತೆಗೆ ಬೇಕಾದ್ದನ್ನು ಗ್ಯಾಲರಿಯಲ್ಲಿ ಕೂತೇ ಆಯ್ದುಕೊಳ್ಳಬೇಕು. ಪ್ರಶ್ನೋತ್ತರ ವೇಳೆಯಲ್ಲಿ ನೀರಾವರಿ ಮಂತ್ರಿ ಕೊಟ್ಟ ಉತ್ತರ ಮುಖ್ಯವೋ, ಶೂನ್ಯವೇಳೆಯ ಗದ್ದಲ ಮುಖ್ಯವೋ? ಗದ್ದಲ ಮರುದಿನದ ಪತ್ರಿಕೆಗೆ ತಲೆಬರಹ. ಉತ್ತರದಲ್ಲಿ ನಾಲೆಗೆ ನೀರು ಬಿಡುವ ದಿನಾಂಕವಿದ್ದರೆ ರೈತನಿಗೆ ಬೇಕಾದ್ದು ಅದು. ಬಾನುಲಿಯ ಒಳ್ಳೆಯ ವರದಿಗಾರರು ದಿನಾಂಕವನ್ನು ಮೊದಲು ಬರೆದುಕೊಂಡರು.

ಗ್ಯಾಲರಿಯಲ್ಲಿ ನೋಟ್ ಪುಸ್ತಕವೇ ಆಧಾರ. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತನ್ನು ಪತ್ರಿಕೆಗಳೂ ಅಚ್ಚು ಹಾಕುವಂತಿಲ್ಲ, ನಿಜ. ಆದರೆ ಪತ್ರಿಕೆಗೆ ರಾತ್ರಿಯವರೆಗೆ ಅವಕಾಶವಿದೆ. ಮಧ್ಯಾಹ್ನದ ವಾರ್ತೆಗೆ ಸುದ್ದಿ ಮುಟ್ಟಿಸಿ ಬಂದ ಮೇಲೆ ಸಭಾಧ್ಯಕ್ಷರು ಆ ಮಾತನ್ನು ತೆಗೆಸಿದರೆ, ಗಾಳಿಗೆ ಹೋದ ಮಾತನ್ನು ವಾಪಸು ತರುವುದು ಹೇಗೆ? ಹೀಗಾಗಿ ಬಿರುಸಿನ ಆರೋಪ ಕೇಳಿಬಂದ ಕೂಡಲೇ ಎದ್ದು ಓಡುವುದಲ್ಲ, ಪೀಠದ ತೀರ್ಪು ಬರುವವರೆಗೆ ಕೂತಿರುವುದೇ ಇಲ್ಲಿನ ಕಸುಬು.

ಇದಕ್ಕೆ ಕಾನೂನಿನ ಒಂದು ಹಿನ್ನೆಲೆಯೂ ಇದೆ. ಸಂಸತ್ತಿನ ಕಲಾಪವನ್ನು ಸತ್ಯವಾಗಿ ವರದಿ ಮಾಡಿದವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಟ್ಟದ್ದು 1956ರ ಕಾಯ್ದೆ. ಫಿರೋಜ್ ಗಾಂಧಿ ಅವರ ಪ್ರಯತ್ನದಿಂದ ಬಂದ ಆ ಕಾಯ್ದೆ ಬಾನುಲಿ ಪ್ರಸಾರಕ್ಕೂ ಅನ್ವಯಿಸುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ಅದು ರದ್ದಾಯಿತು, 1977ರಲ್ಲಿ ಮರಳಿ ಬಂತು. ರಾಜ್ಯಗಳ ಶಾಸನಸಭೆಗಳ ವರದಿಗೆ ಅಂಥದೇ ರಕ್ಷಣೆ ಸಂವಿಧಾನದಲ್ಲೇ ಸಿಕ್ಕಿದ್ದು 44ನೇ ತಿದ್ದುಪಡಿಯ 361ಎ ವಿಧಿಯಿಂದ. ಅಂದರೆ ವಿಧಾನಸೌಧದ ಗ್ಯಾಲರಿಯಲ್ಲಿ ಮೊದಲ ಇಪ್ಪತ್ತು ವರ್ಷ ಕೂತ ವರದಿಗಾರರಿಗೆ ಈ ಬೆಂಬಲ ಇರಲಿಲ್ಲ.

ಬರವಣಿಗೆಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ಈ ಜನರ ಜಾಣ್ಮೆ ಕಾಣುವುದು ಅಲ್ಲಿಯೇ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎನ್ನುವುದೂ ಕೊನೆಗೇ. ‘ಮುಖ್ಯಮಂತ್ರಿಯವರು ರಾಜ್ಯಪಾಲರಿಗೆ ರಾಜೀನಾಮೆ ಪತ್ರ ಸಲ್ಲಿಸಿಲ್ಲ’ ಎಂದು ಓದಿದಾಗ ಮಳೆಗಾಲದ ಗೊರಗೊರ ಸದ್ದಿನಲ್ಲಿ ಕೊನೆಯ ಅಕ್ಷರಗಳು ನುಂಗಿಹೋದರೆ, ಮಲೆನಾಡಿನ ಹಳ್ಳಿಯಲ್ಲಿ ಸರ್ಕಾರ ಬಿದ್ದ ಸುದ್ದಿ ಹಬ್ಬುತ್ತದೆ. ಪಳಗಿದ ಕೈ ಹಾಗೆ ಬರೆಯುವುದಿಲ್ಲ. ‘ರಾಜೀನಾಮೆಯ ವದಂತಿಯನ್ನು ಅಲ್ಲಗಳೆದಿರುವ ಮುಖ್ಯಮಂತ್ರಿ’ ಎಂದು ಮೊದಲೇ ನಿರಾಕರಣೆಯನ್ನು ತರುತ್ತದೆ. ಬಜೆಟ್ ದಿನ ಕೋಟಿಗಳ ಜೊತೆ ದಶಮಾಂಶಗಳನ್ನು ಓದಿದರೆ ಕಿವಿಗೆ ಏನೂ ಉಳಿಯದು. ‘ಸುಮಾರು’ ಎಂದು ದುಂಡಗೆ ಹೇಳಿ, ಅದರಿಂದ ಯಾವ ವಸ್ತುವಿಗೆ ತೆರಿಗೆ ಏರಿತು ಎಂಬುದನ್ನು ಮುಂದಿನ ವಾಕ್ಯದಲ್ಲೇ ಹೇಳಬೇಕು. ಸಂಧಿ ಸಮಾಸಗಳಿಂದ ಉಬ್ಬಿದ ಕಡತದ ಕನ್ನಡವನ್ನು ಓದುವವರ ಉಸಿರಿಗೆ ತಕ್ಕಂತೆ ಒಡೆಯಬೇಕು. ಪತ್ರಿಕೋದ್ಯಮದಿಂದಲೇ ಬಂದ ನಾಗಮಣಿ ಎಸ್. ರಾವ್ ಅಂಥವರು ಪ್ರದೇಶ ಸಮಾಚಾರ ಓದುವಾಗ ರಾಜಕೀಯದ ವಾಕ್ಯ ತಿಳಿಯಾಗಿ ಕೇಳಿಸುತ್ತಿತ್ತೆಂದರೆ, ಅವರ ಉಚ್ಚಾರದ ಶುದ್ಧಿಯ ಜೊತೆಗೆ ಆ ವಾಕ್ಯವನ್ನು ಕಿವಿಗಾಗಿ ಕಟ್ಟಿದ ಹೆಸರಿಲ್ಲದ ಕೈಗಳ ಶ್ರಮವೂ ಅದರಲ್ಲಿದೆ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಸ್ಮರಣ ಸಂಚಿಕೆ ಎಂದ ಮಾತ್ರಕ್ಕೆ ಇದನ್ನು ದಾಟಿಹೋಗುವುದು ಸರಿಯಲ್ಲ.

1975ರ ಜೂನ್ 26ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿಯ ಘೋಷಣೆಯನ್ನು ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಲ್ಲೇ. ಅದೇ ದಿನ ಬೆಂಗಳೂರಿನಲ್ಲಿ, ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್‌ಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬಂಧಿತರಾದರು. ದೇಶದ ಅತಿ ದೊಡ್ಡ ರಾಜಕೀಯ ಸುದ್ದಿಗಳಲ್ಲಿ ಒಂದು ಆಕಾಶವಾಣಿಯ ಊರಿನಲ್ಲೇ, ವಿಧಾನಸೌಧದ ಪಕ್ಕದ ಶಾಸಕರ ಭವನದಲ್ಲೇ ನಡೆಯಿತು. ಬಂಧಿತರ ಹೆಸರನ್ನು ಹೇಳಲು ಸೆನ್ಸಾರ್ ನಿಯಮ ಬಿಡುತ್ತಿರಲಿಲ್ಲ. ವಾರ್ತಾ ಸಚಿವ ಐ.ಕೆ. ಗುಜ್ರಾಲ್ ಅವರನ್ನು ಕೆಲವೇ ದಿನಗಳಲ್ಲಿ ಬದಲಿಸಿ ವಿ.ಸಿ. ಶುಕ್ಲ ಅವರನ್ನು ತರಲಾಯಿತು. ಪಿಟಿಐ, ಯುಎನ್‌ಐ, ಹಿಂದುಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕನ್ನೂ 1976ರಲ್ಲಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯೊಳಗೆ ಸೇರಿಸಿದ್ದರಿಂದ ಸುದ್ದಿಕೋಣೆಯ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದುದೂ ಒಂದೇ ದನಿ. ಒಂದು ಸುದ್ದಿಯನ್ನು ಇನ್ನೊಂದರೊಡನೆ ತಾಳೆ ನೋಡುವುದು ವರದಿಗಾರಿಕೆಯ ಮೊದಲ ಪಾಠ. ತಾಳೆ ನೋಡಲು ಇನ್ನೊಂದು ಇರಲೇ ಇಲ್ಲ. ಜನ ಬಿಬಿಸಿಗೆ ತಿರುಗಿದರು. ಆಕಾಶವಾಣಿಯನ್ನು ಇಂದಿರಾ ಬಾನುಲಿ ಎಂದು ಕರೆದರು. ಆ ಹೆಸರು ಅದರಲ್ಲಿ ದುಡಿದವರಿಗೆ ಎಷ್ಟು ನೋವು ತಂದಿರಬೇಕು ಎಂಬುದನ್ನು ಸುದ್ದಿಯ ಕಸುಬು ಬಲ್ಲವರು ಊಹಿಸಬಲ್ಲರು.

ಬಂಧನದಿಂದ ಹೊರಬಂದ ಅಡ್ವಾಣಿಯವರೇ 1977ರ ಮಾರ್ಚಿನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ರಾಜಕೀಯ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಮಾತನಾಡುವ ಅವಕಾಶ ಸಿಕ್ಕಿತ್ತು. ಬಿ.ಜಿ. ವರ್ಗೀಸ್ ಅವರ ನೇತೃತ್ವದ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ಸ್ವಾಯತ್ತ ಸಂಸ್ಥೆಯನ್ನು ಶಿಫಾರಸು ಮಾಡಿತು. ಅದಕ್ಕೂ ಮೊದಲು, 1966ರಲ್ಲೇ, ಅಶೋಕ ಚಂದ ಸಮಿತಿ ಸ್ವಾಯತ್ತತೆಯ ಮಾತು ಆಡಿತ್ತು. ಎರಡೂ ವರದಿಗಳು ಕಪಾಟು ಸೇರಿದವು. ವಿರೋಧ ಪಕ್ಷದಲ್ಲಿ ಇದ್ದಾಗ ಸ್ವಾಯತ್ತತೆ ಬೇಕು, ಅಧಿಕಾರಕ್ಕೆ ಬಂದ ಮೇಲೆ ಬೇಡ. ಈ ವಿಷಯದಲ್ಲಿ ಯಾವ ಪಕ್ಷವನ್ನೂ ನಾನು ಹೊರಗಿಡಲಾರೆ.

1984ರ ಅಕ್ಟೋಬರ್ 31 ಇನ್ನೊಂದು ಗಾಯ. ಪ್ರಧಾನಿಯ ಹತ್ಯೆಯಾಗಿದೆ ಎಂದು ಬಿಬಿಸಿ ಹಗಲಿನಲ್ಲೇ ಹೇಳಿತು. ಸ್ವಂತ ದೇಶದ ಆಕಾಶವಾಣಿ ಸಂಜೆಯವರೆಗೆ ಕಾಯಿತು. ಖಚಿತವಾಗದೆ ಹೇಳುವುದಿಲ್ಲ ಎಂಬುದು ಕಸುಬಿನ ಗುಣ. ಖಚಿತವಾದರೂ ಅಪ್ಪಣೆಯಿಲ್ಲದೆ ಹೇಳುವಂತಿಲ್ಲ ಎಂಬುದು ಹಿಡಿತ. ಹೊರಗಿನಿಂದ ಎರಡೂ ಒಂದೇ ಬಗೆಯ ಮೌನದಂತೆ ಕಾಣುತ್ತವೆ. ಒಳಗಿದ್ದವರಿಗೆ ವ್ಯತ್ಯಾಸ ಗೊತ್ತಿತ್ತು.

ಕರ್ನಾಟಕದಲ್ಲಿ ಈ ಇಕ್ಕಟ್ಟಿಗೆ ಹೊಸ ರೂಪ ಬಂದದ್ದು 1983ರಲ್ಲಿ. ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು. ಅಲ್ಲಿಯವರೆಗೆ ಆಕಾಶವಾಣಿಯನ್ನು ನಡೆಸುವ ಕೇಂದ್ರದಲ್ಲೂ ವಿಧಾನಸೌಧದಲ್ಲೂ ಬಹುಕಾಲ ಒಂದೇ ಪಕ್ಷ. ಈಗ ದೆಹಲಿಯದು ಒಂದು, ಬೆಂಗಳೂರಿನದು ಇನ್ನೊಂದು. ರಾಜ್ಯದ ಮಂತ್ರಿಗಳು ತಮ್ಮ ಸುದ್ದಿ ಸಾಕಷ್ಟು ಬರುತ್ತಿಲ್ಲ ಎನ್ನಬಹುದು, ವಿರೋಧ ಪಕ್ಷದಲ್ಲಿ ಕೂತ ಕಾಂಗ್ರೆಸ್ಸಿಗರು ಹೆಚ್ಚಾಯಿತು ಎನ್ನಬಹುದು. ಯಾವುದೇ ರಾಜ್ಯವನ್ನಾಗಲಿ ಕೇಂದ್ರವನ್ನಾಗಲಿ ಕಟುವಾಗಿ ಟೀಕಿಸುವಂತಿಲ್ಲ, ಪಕ್ಷದ ಹೆಸರು ಹಿಡಿದು ದಾಳಿ ಮಾಡುವಂತಿಲ್ಲ ಎಂದು ಆಕಾಶವಾಣಿಯ ಸಂಹಿತೆ ಹೇಳುತ್ತದೆ. ಕೇಂದ್ರದ ಅನುದಾನದ ಬಗ್ಗೆ ಮುಖ್ಯಮಂತ್ರಿ ಸಿಟ್ಟಿನಿಂದ ಮಾತನಾಡಿದಾಗ ವರದಿಗಾರ ಏನು ಬರೆಯಬೇಕು? ಸಿಟ್ಟನ್ನು ಬಿಟ್ಟು ಬೇಡಿಕೆಯನ್ನು, ಅದರ ಅಂಕಿಯನ್ನು, ಕೇಂದ್ರದ ಉತ್ತರವನ್ನು ಬರೆಯುವುದು. ಹೀಗೆ ಬರೆದ ವರದಿ ಸಪ್ಪೆ ಎನಿಸಬಹುದು. ಆದರೆ ಎರಡೂ ಕಡೆಯವರು ಕಿವಿಗೊಡುವ ಸುದ್ದಿಯಾಗಲು ಅದಕ್ಕೆ ಬೇರೆ ದಾರಿಯಿರಲಿಲ್ಲ.

ಖಚಿತತೆಯ ಬೆಲೆ ಏನೆಂಬುದನ್ನು 1989ರ ಏಪ್ರಿಲ್ ತೋರಿಸಿಕೊಟ್ಟಿತು. ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದಿದ್ದೇವೆ ಎಂದು 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಮರುದಿನವೇ ಅವರಲ್ಲಿ 7 ಮಂದಿ, ತಪ್ಪು ತಿಳಿವಳಿಕೆಯಿಂದ ಸಹಿ ಪಡೆಯಲಾಗಿದೆ, ನಮ್ಮ ಬೆಂಬಲ ಸರ್ಕಾರಕ್ಕೇ ಎಂದರು. ಸದನದಲ್ಲಿ ಬಲಾಬಲ ಪರೀಕ್ಷೆಗೆ ಸಿದ್ಧ ಎಂದು ಮುಖ್ಯಮಂತ್ರಿ ಕೇಳಿಕೊಂಡರೂ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ ಎಂದಿತು. ರಾಜಭವನವಿರುವ ರಸ್ತೆಯಲ್ಲೇ ಆಕಾಶವಾಣಿಯೂ ಇದೆ. ಒಂದು ಪತ್ರ ಆ ಗೇಟಿನೊಳಗೆ ಹೋಗುವುದನ್ನು ಕಂಡ ವರದಿಗಾರ ಏನನ್ನು ಸುದ್ದಿಯೆಂದು ಹೇಳಬಹುದು? ಪತ್ರ ಕೊಡಲಾಗಿದೆ ಎಂಬುದನ್ನು ಮಾತ್ರ. ಸರ್ಕಾರ ಬಹುಮತ ಕಳೆದುಕೊಂಡಿದೆ ಎಂಬುದನ್ನಲ್ಲ. ಸುಪ್ರೀಂ ಕೋರ್ಟು ಸಂವಿಧಾನದ ಮಾತಾಗಿ ಹೇಳಿದ್ದನ್ನು ಒಳ್ಳೆಯ ವರದಿಗಾರರು ಕಸುಬಿನ ಮಾತಾಗಿ ಬಲ್ಲರು.

ಮೂವತ್ತು ವರ್ಷಗಳ ನಂತರ, 2019ರ ಜುಲೈನಲ್ಲಿ, ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ನಿರ್ಣಯ 18ರಂದು ಮಂಡನೆಯಾಗಿ 23ರ ಸಂಜೆಯವರೆಗೆ ಎಳೆಯಿತು. ಪರ 99, ವಿರುದ್ಧ 105. ಆ ದಿನಗಳಲ್ಲಿ ಇಡೀ ನಾಡಿನಲ್ಲಿ ಊಹೆಗಳು ಕುದಿಯುತ್ತಿದ್ದವು. ಅಂಥ ಹೊತ್ತಿನಲ್ಲಿ ಹೊತ್ತು ಹೊತ್ತಿಗೆ ‘ಇನ್ನೂ ಮತಕ್ಕೆ ಹಾಕಿಲ್ಲ’ ಎಂದಷ್ಟೇ ಹೇಳುವುದಕ್ಕೆ ಧೈರ್ಯ ಬೇಕು. ಶಾಸಕರು ಸಾಲು ಸಾಲಾಗಿ ಎದ್ದು ನಿಂತು ತಲೆ ಎಣಿಕೆ ಮುಗಿದ ಮೇಲೆ ಬರುವ ಎರಡು ಸಂಖ್ಯೆಗಳು, ಅಷ್ಟೇ ಸುದ್ದಿ.

ಚುನಾವಣೆಗಳ ಬಗ್ಗೆ ಬರೆಯುವುದಾದರೆ ಅದೇ ಒಂದು ಪುಸ್ತಕ. ಮತಪತ್ರಗಳ ಕಾಲದಲ್ಲಿ ಎಣಿಕೆ ದಿನ ದಾಟಿ ರಾತ್ರಿಗೆ, ಮರುದಿನಕ್ಕೆ ಎಳೆಯುತ್ತಿತ್ತು. ವಿಶೇಷ ವಾರ್ತೆಗಳಿಗಾಗಿ ಅಂಗಡಿ, ಹೋಟೆಲು, ಪಂಚಾಯಿತಿ ಕಟ್ಟೆಗಳಲ್ಲಿ ಜನ ಕಿವಿಯೊಡ್ಡಿ ನಿಲ್ಲುತ್ತಿದ್ದರು. 1977ರಲ್ಲಿ ದೇಶದಲ್ಲಿ ಕಾಂಗ್ರೆಸ್ ಸೋತು ಕರ್ನಾಟಕದ 28ರಲ್ಲಿ 26 ಸ್ಥಾನ ಗೆದ್ದಿತು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಮುನ್ನಡೆಯನ್ನು ಗೆಲುವೆಂದು ಹೇಳಬಾರದು, ಚುನಾವಣಾಧಿಕಾರಿ ಘೋಷಿಸಿದ ಮೇಲೆಯೇ ‘ಆಯ್ಕೆಯಾಗಿದ್ದಾರೆ’ ಎನ್ನಬೇಕು ಎಂಬ ಕಟ್ಟುಪಾಡು ಇಲ್ಲಿ ಬಿಗಿಯಾಗಿತ್ತು. ಪಕ್ಷಗಳ ಚುನಾವಣಾ ಭಾಷಣಗಳಿಗೆ ಈಗ ಚುನಾವಣಾ ಆಯೋಗದ 1998ರ ಯೋಜನೆ ಇದೆ. ಮಾನ್ಯತೆ ಪಡೆದ ಪಕ್ಷಗಳಿಗೆ ಸಮನಾದ ಮೂಲ ಅವಧಿ, ಅದರ ಮೇಲೆ ಹಿಂದಿನ ಮತಗಳಿಕೆಗೆ ತಕ್ಕಷ್ಟು ಹೆಚ್ಚುವರಿ ಅವಧಿ. ದಿನ, ಹೊತ್ತು ತೀರ್ಮಾನವಾಗುವುದು ಪಕ್ಷಗಳ ಪ್ರತಿನಿಧಿಗಳ ಎದುರಿನಲ್ಲೇ ಚೀಟಿ ಎತ್ತಿ. ಸಣ್ಣ ಪಕ್ಷಕ್ಕೂ ರಾಜ್ಯದ ಮೂಲೆಮೂಲೆಗೆ ದನಿ ಮುಟ್ಟಿಸುವ, ಒಂದು ರೂಪಾಯಿ ಖರ್ಚಿಲ್ಲದ ವೇದಿಕೆ ಇದು.

ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಗೆ ಬಂತು. ಸಾರ್ವಜನಿಕ ವಿಷಯಗಳನ್ನು ಮುಕ್ತವಾಗಿ, ಸತ್ಯವಾಗಿ ತಿಳಿಯುವ ನಾಗರಿಕರ ಹಕ್ಕನ್ನು ಕಾಪಾಡುವುದು, ತನ್ನದೇ ಸಿದ್ಧಾಂತ ಹೇರದೆ ಭಿನ್ನ ಅಭಿಪ್ರಾಯಗಳನ್ನೂ ಮುಂದಿಡುವುದು ಸಂಸ್ಥೆಯ ಕರ್ತವ್ಯವೆಂದು ಆ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಹಣ ಮತ್ತು ನೇಮಕಾತಿಗೆ ಸರ್ಕಾರದ ಕಡೆ ನೋಡುವುದು ತಪ್ಪಿಲ್ಲವಾದ್ದರಿಂದ ಸ್ವಾಯತ್ತತೆ ಪೂರ್ಣವಾಗಿಲ್ಲ. ಇನ್ನೊಂದು ಕಡೆ, ಖಾಸಗಿ ಎಫ್‌ಎಂ ಕೇಂದ್ರಗಳು ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು, ಅಷ್ಟೆ. ಬಾನುಲಿಯಲ್ಲಿ ರಾಜಕೀಯ ಸುದ್ದಿ ಹೇಳುವ ಹಕ್ಕು ಇಂದಿಗೂ ಬಹುತೇಕ ಒಂದೇ ಸಂಸ್ಥೆಯ ಕೈಯಲ್ಲಿದೆ. ಈ ನಿರ್ಬಂಧ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಇರುವಷ್ಟು ದಿನ ಆಕಾಶವಾಣಿಯ ವರದಿಗಾರರ ಹೊಣೆ ಇಮ್ಮಡಿ.

ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನಗಳಿಗೆ ವರದಿಗಾರರು ಬೆಳಗಾವಿಗೂ ಹೋಗುತ್ತಾರೆ. ಈಗ ದನಿ ಮೊಬೈಲಿನಲ್ಲಿ ದಾಖಲಾಗಿ ಕ್ಷಣದಲ್ಲಿ ಸ್ಟುಡಿಯೋ ಸೇರುತ್ತದೆ, ವರದಿಗಾರರ ಹೆಸರೂ ಕೆಲವೊಮ್ಮೆ ಕೇಳಿಬರುತ್ತದೆ. ಹಿಂದಿನವರಿಗೆ ಅದೂ ಇರಲಿಲ್ಲ. ಅವರು ಬರೆದ ವಾರ್ತೆಯ ಹಾಳೆಗಳು ಓದಿ ಮುಗಿದ ಮೇಲೆ ಯಾರಿಗೂ ಬೇಡದ ಕಾಗದವಾದವು. ಸಂಗೀತ ವಿದ್ವಾಂಸರ ಧ್ವನಿಮುದ್ರಣಗಳಿಗೆ ಸಿಕ್ಕ ಆರೈಕೆ ಸುದ್ದಿಗೆ ಸಿಗಲಿಲ್ಲ.

ಆದ್ದರಿಂದ ಈ ಸಂಚಿಕೆಯನ್ನು ಹೊರತರುತ್ತಿರುವವರಲ್ಲಿ, ಆಕಾಶವಾಣಿಯ ಆಡಳಿತದಲ್ಲಿ ನನ್ನ ಬಿನ್ನಹ ಇಷ್ಟು. ಬೆಂಗಳೂರು ಮತ್ತು ಧಾರವಾಡ ಸುದ್ದಿ ವಿಭಾಗಗಳ ನಿವೃತ್ತ ಸಂಪಾದಕರು, ಭಾಷಾಂತರಕಾರರು, ಜಿಲ್ಲೆಗಳ ಅರೆಕಾಲಿಕ ಬಾತ್ಮೀದಾರರು ಇನ್ನೂ ಕೆಲವರು ನಮ್ಮೊಡನಿದ್ದಾರೆ. ಅವರಲ್ಲಿ ಹಲವರಿಗೆ ವಯಸ್ಸಾಗಿದೆ. ಜಿಲ್ಲೆವಾರು ಪಟ್ಟಿ ಮಾಡಿ, ಅವರ ನೆನಪುಗಳನ್ನು ಅವರದೇ ದನಿಯಲ್ಲಿ ಮುದ್ರಿಸಿಕೊಳ್ಳಿ. ಮನೆಯಲ್ಲಿ ಹಳೆಯ ನೋಟ್ ಪುಸ್ತಕ, ತಂತಿಯ ನಕಲು, ವಾರ್ತೆಯ ಹಾಳೆ ಇಟ್ಟುಕೊಂಡಿರುವ ಓದುಗರು ದಯವಿಟ್ಟು ರದ್ದಿಗೆ ಹಾಕದೆ ನಿಲಯಕ್ಕೆ ತಲುಪಿಸಿ.